ಜನರನ್ನು ಎಣಿಸಬೇಡಿ, ಕಲಿಸೋರನ್ನು ಎಣಿಸಿ

ನಮಸ್ಕಾರ. ವಾಸ್ಕೋ, ಜುವಾರಿನಗರ, ಮಡಗಾಂವ್, ಮಾಪುಸಾ, ಎಲ್ಲೆಲ್ಲಿ ಕೂತು ಕೇಳುತ್ತಿದ್ದೀರೋ, ಎಲ್ಲ ಕನ್ನಡದ ಅಕ್ಕಂದಿರಿಗೆ, ಅಣ್ಣಂದಿರಿಗೆ ನನ್ನ ನಮಸ್ಕಾರ. ಈ ಹೊತ್ತಿನಲ್ಲಿ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೇಳುತ್ತಿರುತ್ತೀರಿ. ಬಂದರಿನಲ್ಲಿ ಪಾಳಿ ಮುಗಿಸಿ ಬಂದವರು ಚಹಾ ಕುಡಿಯುತ್ತಿರುತ್ತೀರಿ. ಹುಡುಗ ಇನ್ನೂ ಮನೆಗೆ ಬಂದಿಲ್ಲ, ಅಂಗಿಯೆಲ್ಲ ಕೆಸರು ಮಾಡಿಕೊಂಡು ಬರುತ್ತಾನೆ ಅಂತ ಬಾಗಿಲ ಕಡೆ ನೋಡುತ್ತಿರುವ ತಾಯಂದಿರೂ ಇದ್ದೀರಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ.

ನಾನು 22 ವರ್ಷದಿಂದ ವಾಸ್ಕೋದಲ್ಲಿ ಮಕ್ಕಳಿಗೆ ಫುಟ್ಬಾಲ್ ಕಲಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಪ್ರಶ್ನೆಯನ್ನು ನನಗೆ ಕೇಳದವರೇ ಇಲ್ಲ. ಆಟೋದವರು ಕೇಳಿದ್ದಾರೆ, ಬ್ಯಾಂಕಿನವರು ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರೂ ಕೇಳಿದ್ದಾರೆ. ‘ನಮ್ಮ ದೇಶದಲ್ಲಿ 140 ಕೋಟಿ ಜನ ಇದ್ದಾರೆ ಸರ್, ಅದರಲ್ಲಿ 11 ಜನ ಆಟಗಾರರು ಸಿಗಲ್ವಾ?’

ನೋಡಿ, ಆ ಲೆಕ್ಕವೇ ತಪ್ಪು. ನಮ್ಮ ಊರಿನ ರೈತರನ್ನು ಕೇಳಿ. ಹೊಲ ನೂರು ಎಕರೆ ಇದ್ದರೇನು, ನೀರು ಹಾಯುವುದು ಎಷ್ಟು ಎಕರೆಗೆ ಅಂತಲ್ಲವಾ ಅವರು ಮೊದಲು ಕೇಳುವುದು? ಫುಟ್ಬಾಲಿಗೂ ಅಷ್ಟೇ. ದೇಶದಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಬೇಡಿ. ಆರು ವರ್ಷದ ಮಗುವಿಗೆ ಸರಿಯಾಗಿ ಕಲಿಸೋರು ಎಷ್ಟು ಜನ ಇದ್ದಾರೆ, ಅದನ್ನು ಎಣಿಸಿ. ಜನರನ್ನು ಎಣಿಸಬೇಡಿ, ಕಲಿಸೋರನ್ನು ಎಣಿಸಿ. ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಇದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಐಸ್‌ಲ್ಯಾಂಡ್ ಅಂತ ಒಂದು ದೇಶ ಇದೆ. ಯುರೋಪಿನ ಉತ್ತರದ ತುದಿಯಲ್ಲಿ, ಸಮುದ್ರದ ನಡುವೆ. 2016ರಲ್ಲಿ ಅಲ್ಲಿದ್ದವರು ಸುಮಾರು 3 ಲಕ್ಷ 30 ಸಾವಿರ ಜನ. ನಮ್ಮ ಹುಬ್ಬಳ್ಳಿ-ಧಾರವಾಡದ ಮೂರರಲ್ಲಿ ಒಂದು ಪಾಲು ಜನ, ಅಷ್ಟೇ ಒಂದು ದೇಶ! ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಕಾಣುವುದೇ ದಿನಕ್ಕೆ ನಾಲ್ಕು ಗಂಟೆ. ಹೊರಗೆ ಹಿಮ, ಗಾಳಿ. ಮಕ್ಕಳು ಎಲ್ಲಿ ಆಡಬೇಕು?

ಅವರು ಎರಡು ಕೆಲಸ ಮಾಡಿದರು. 2000ದಿಂದ ಈಚೆಗೆ ಊರೂರಿಗೆ ದೊಡ್ಡ ದೊಡ್ಡ ಶೆಡ್ ಕಟ್ಟಿದರು. ಒಳಗೆ ಇಡೀ ಫುಟ್ಬಾಲ್ ಮೈದಾನ. ಶಾಲೆಗಳ ಪಕ್ಕ ಚಿಕ್ಕ ಚಿಕ್ಕ ಕೃತಕ ಹುಲ್ಲಿನ ಅಂಗಳ ಹಾಕಿದರು. ಇದು ಒಂದು. ಎರಡನೆಯದು ಇನ್ನೂ ದೊಡ್ಡದು. ಕಲಿಸೋರನ್ನು ತಯಾರು ಮಾಡಿದರು. ಒಬ್ಬಿಬ್ಬರಲ್ಲ, ನೂರಾರು ಜನ. ಯುರೋಪಿನ ಫುಟ್ಬಾಲ್ ಸಂಸ್ಥೆ ಕೋಚ್‌ಗಳಿಗೆ ಕೊಡುವ ಬಿ ಲೈಸೆನ್ಸ್ ಪಡೆದವರು. ಅಲ್ಲಿ ಐದಾರು ವರ್ಷದ ಮಗುವಿಗೆ ಕಲಿಸುವವರೂ ಕೋರ್ಸ್ ಮಾಡಿದವರೇ, ಸಂಬಳ ತೆಗೆದುಕೊಳ್ಳುವವರೇ. ನಮ್ಮಲ್ಲಿ ಏನು ಮಾಡುತ್ತೇವೆ? ಒಳ್ಳೆಯ ಕೋಚನ್ನು ದೊಡ್ಡ ತಂಡಕ್ಕೆ ಕೊಡುತ್ತೇವೆ, ಚಿಕ್ಕ ಮಕ್ಕಳಿಗೆ ಚೆಂಡು ಎಸೆದು ‘ಹೋಗಿ ಆಡಿಕೊಳ್ಳಿ’ ಅನ್ನುತ್ತೇವೆ. ಅಡಿಪಾಯಕ್ಕೆ ಸಿಮೆಂಟ್ ಹಾಕದೆ ಮಾಳಿಗೆಗೆ ಟೈಲ್ಸ್ ಹಾಕಿದ ಹಾಗೆ. ನಿಮ್ಮಲ್ಲಿ ಎಷ್ಟೋ ಜನ ಗೌಂಡಿ ಕೆಲಸದವರಿದ್ದೀರಿ, ಆ ಮನೆ ಎಷ್ಟು ದಿನ ನಿಲ್ಲುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತು.

ಈಗ ಒಂದು ರಾತ್ರಿಯ ಕಥೆ ಹೇಳುತ್ತೇನೆ. 2016ರ ಜೂನ್ 27. ಯುರೋ ಕಪ್. ಫ್ರಾನ್ಸಿನ ನೀಸ್ ಊರಿನಲ್ಲಿ ಇಂಗ್ಲೆಂಡ್ ಮತ್ತು ಐಸ್‌ಲ್ಯಾಂಡ್ ಪಂದ್ಯ. ನಮಗೆ ಅದು ರಾತ್ರಿ ಹನ್ನೆರಡೂವರೆ. ಆಗ ನನ್ನ ಹತ್ತಿರ ಕಲಿಯುತ್ತಿದ್ದ ಆರು ಹುಡುಗರು, ಎಲ್ಲ 12-13ರ ವಯಸ್ಸಿನವರು, ಪಂದ್ಯ ನೋಡಲೇಬೇಕು ಅಂತ ಹಟ ಹಿಡಿದಿದ್ದರು. ಅವರ ಮನೆಗಳಿಗೆ ಹೋಗಿ ಕೇಳಿದೆ. ನಮ್ಮ ಬೀದಿಯಲ್ಲಿ ಬಾಗಲಕೋಟೆ ಕಡೆಯವರದೊಂದು ಖಾನಾವಳಿ ಇತ್ತು. ಮಾಲೀಕರು ಒಳ್ಳೆಯ ಮನುಷ್ಯ, ಟಿವಿ ಹಾಕಿ ಕೊಟ್ಟರು. ಹೊರಗೆ ಜೋರು ಮಳೆ. ತಗಡಿನ ಮಾಡಿನ ಮೇಲೆ ಆ ಸದ್ದಿಗೆ ಟಿವಿಯ ಮಾತು ಒಂದೂ ಕೇಳುತ್ತಿರಲಿಲ್ಲ. ಹುಡುಗರು ಅಕ್ಕಿ ಚೀಲದ ಮೇಲೆ ಸಾಲಾಗಿ ಕೂತಿದ್ದರು. ಮಧ್ಯಾಹ್ನ ಉಳಿದಿದ್ದ ಕಟಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಮಾಲೀಕರ ಹೆಂಡತಿ ಎಲ್ಲರ ಕೈಗೆ ಒಂದೊಂದು ಕೊಟ್ಟಿದ್ದರು.

ನಾಲ್ಕನೇ ನಿಮಿಷಕ್ಕೆ ಇಂಗ್ಲೆಂಡಿಗೆ ಪೆನಾಲ್ಟಿ. ರೂನಿ ಹೊಡೆದರು, ಗೋಲ್. ಹುಡುಗರೆಲ್ಲ ‘ಮುಗೀತು ಸರ್’ ಅಂದರು. ನಾನು ಹೇಳಿದೆ, ಸುಮ್ನೆ ಕೂತ್ಕೊಳ್ಳಿ, ಆ ಕಡೆ ಗೆರೆಯ ಹತ್ತಿರ ಇರುವ ಗಡ್ಡದವನನ್ನು ನೋಡಿ ಅಂತ. ಐಸ್‌ಲ್ಯಾಂಡಿನ ನಾಯಕ ಆರೋನ್ ಗುನ್ನಾರ್ಸನ್. ಚೆಂಡನ್ನು ಅಂಗಿಗೆ ಒರೆಸಿಕೊಂಡ. ಎರಡೂ ಕೈಯಲ್ಲಿ ತಲೆಯ ಹಿಂದಕ್ಕೆ ಒಯ್ದು ಎಸೆದ. ಥ್ರೋ-ಇನ್, ಅಂದರೆ ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು, ಸಾಮಾನ್ಯವಾಗಿ ಹತ್ತು ಹೆಜ್ಜೆ ದೂರ ಹೋಗುತ್ತದೆ. ಇವನದು ಸೀದಾ ಗೋಲಿನ ಮುಂದಕ್ಕೆ ಬಂತು. ಅಲ್ಲಿ ಕಾರಿ ಆರ್ನಾಸನ್ ಜಿಗಿದು ತಲೆಯಿಂದ ಹಿಂದಕ್ಕೆ ತಳ್ಳಿದ. ರಾಗ್ನರ್ ಸಿಗುರ್ಡ್‌ಸನ್ ಓಡಿ ಬಂದು ಒಳಗೆ ನೂಕಿದ. ಆರನೇ ನಿಮಿಷ! ಒಂದಕ್ಕೆ ಒಂದು. ಒಬ್ಬ ಹುಡುಗ ಚೀಲದಿಂದ ಜಿಗಿದ ರಭಸಕ್ಕೆ ಕೈಯಲ್ಲಿದ್ದ ರೊಟ್ಟಿ ಪುಡಿಪುಡಿಯಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಐದು ದಿನ ಮೊದಲು, ಜೂನ್ 22ರಂದು, ಆಸ್ಟ್ರಿಯಾ ಮೇಲೆ ಐಸ್‌ಲ್ಯಾಂಡ್ ಇದೇ ಥರ ಗೋಲ್ ಹೊಡೆದಿತ್ತು. ಅದೇ ಗುನ್ನಾರ್ಸನ್ ಎಸೆತ, ಅದೇ ಆರ್ನಾಸನ್ ತಲೆ, ಗೋಲ್ ಹೊಡೆದವನು ಮಾತ್ರ ಬೇರೆ. ಇಡೀ ಲೋಕ ನೋಡಿತ್ತು. ಗೊತ್ತಿದ್ದೂ ಇಂಗ್ಲೆಂಡ್ ತಡೆಯಲಿಲ್ಲ. ಯಾಕೆಂದರೆ ಅದು ಅದೃಷ್ಟದ ಎಸೆತ ಅಲ್ಲ. ಮೂವರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಓಡಬೇಕು, ಎಷ್ಟು ಹೆಜ್ಜೆ, ಎಲ್ಲವೂ ನೂರು ಸಲ ಮಾಡಿ ಮಾಡಿ ಮೈಗೆ ಹತ್ತಿದ್ದು. ಯಾರೋ ನಿಂತು ಕಲಿಸಿದ್ದು.

18ನೇ ನಿಮಿಷಕ್ಕೆ ಚಿಕ್ಕ ಚಿಕ್ಕ ಪಾಸ್ ಮಾಡುತ್ತಾ ಬಂದು ಐಸ್‌ಲ್ಯಾಂಡಿನ ಕೋಲ್ಬೆಯ್ನ್ ಸಿಗ್ಥೋರ್ಸನ್ ಹೊಡೆದರು, ಇಂಗ್ಲೆಂಡಿನ ಗೋಲ್‌ಕೀಪರ್ ಜೋ ಹಾರ್ಟ್ ಕೈ ಹಚ್ಚಿದರೂ ಒಳಗೆ ಹೋಯಿತು. ಎರಡಕ್ಕೆ ಒಂದು. ಆಮೇಲೆ 70 ನಿಮಿಷಕ್ಕೂ ಜಾಸ್ತಿ ಇಂಗ್ಲೆಂಡಿಗೆ ಮತ್ತೆ ಗೋಲ್ ಹೊಡೆಯಲು ಆಗಲೇ ಇಲ್ಲ. ಇಂಗ್ಲೆಂಡಿನ ಕೋಚ್ ರಾಯ್ ಹಾಡ್ಜ್‌ಸನ್ ಅದೇ ರಾತ್ರಿ ರಾಜೀನಾಮೆ ಕೊಟ್ಟರು.

ಆ ಐಸ್‌ಲ್ಯಾಂಡ್ ತಂಡಕ್ಕೆ ಇಬ್ಬರು ಕೋಚ್. ಒಬ್ಬರು ಸ್ವೀಡನ್ನಿನ ಲಾರ್ಸ್ ಲಾಗರ್‌ಬ್ಯಾಕ್. ಇನ್ನೊಬ್ಬರು ಹೈಮಿರ್ ಹಾಲ್‌ಗ್ರಿಮ್‌ಸನ್. ಅವರ ಕೆಲಸ ಏನು ಗೊತ್ತಾ? ಹಲ್ಲಿನ ಡಾಕ್ಟರು. ಒಂದು ಚಿಕ್ಕ ದ್ವೀಪದಲ್ಲಿ ಜನರ ಹಲ್ಲು ನೋಡುತ್ತಾ, ಉಳಿದ ಹೊತ್ತಿನಲ್ಲಿ ಫುಟ್ಬಾಲ್ ಕಲಿಸುತ್ತಾ, ಕೋರ್ಸ್ ಮೇಲೆ ಕೋರ್ಸ್ ಮುಗಿಸುತ್ತಾ ಬಂದವರು. ಎರಡು ವರ್ಷದ ಮೇಲೆ, 2018ರಲ್ಲಿ ಅವರೇ ಆ ತಂಡವನ್ನು ವಿಶ್ವಕಪ್‌ಗೆ ಕರೆದುಕೊಂಡು ಹೋದರು. ಮಾಸ್ಕೋದಲ್ಲಿ ಅರ್ಜೆಂಟೀನಾ ಜೊತೆ ಒಂದಕ್ಕೆ ಒಂದು ಸಮ. ಮೆಸ್ಸಿ ಹೊಡೆದ ಪೆನಾಲ್ಟಿಯನ್ನು ತಡೆದ ಗೋಲ್‌ಕೀಪರ್ ಹಾನೆಸ್ ಹಾಲ್‌ಡೋರ್ಸನ್. ಅವರು ಸಿನಿಮಾ, ಜಾಹೀರಾತು ನಿರ್ದೇಶನ ಮಾಡುತ್ತಿದ್ದವರು! ಮೆಸ್ಸಿ ಹಿಂದೆ ಹೊಡೆದ ಪೆನಾಲ್ಟಿಗಳನ್ನೆಲ್ಲ ಕೂತು ನೋಡಿ, ಯಾವ ಕಡೆ ಹೊಡೆಯಬಹುದು ಅಂತ ಓದಿಕೊಂಡೇ ಬಂದಿದ್ದರು.

ಸರಿ, ನೀಸ್ ಪಂದ್ಯದ ಮರುದಿನದ್ದು ಹೇಳಿ ಮುಂದೆ ಹೋಗುತ್ತೇನೆ. ನಾನು ಹೋಗುವಷ್ಟರಲ್ಲಿ ಆರೂ ಹುಡುಗರು ಮೈದಾನದಲ್ಲಿದ್ದರು. ಮಳೆ ನಿಂತಿರಲಿಲ್ಲ, ಕಣಕಾಲು ಮುಳುಗುವಷ್ಟು ಕೆಸರು. ಸರದಿಯಲ್ಲಿ ನಿಂತು ಉದ್ದ ಥ್ರೋ ಎಸೆಯುತ್ತಿದ್ದರು. ಒದ್ದೆ ಚೆಂಡು ಕೈಯಿಂದ ಜಾರುತ್ತಿತ್ತು. ಒಬ್ಬ ಅಂಗಿ ಬಿಚ್ಚಿ ಚೆಂಡು ಒರೆಸುತ್ತಿದ್ದ. ಎಸೆಯುವಾಗ ಹಿಂದಿನ ಕಾಲು ನೆಲ ಬಿಡುತ್ತಿದೆ ಅಂತ ನಾನು ತೋರಿಸಿದೆ, ಕಾಲೆತ್ತಿದರೆ ಅದು ಫೌಲ್. ಬೆನ್ನು ಬಿಲ್ಲಿನ ಹಾಗೆ ಬಾಗಬೇಕು, ಶಕ್ತಿ ತೋಳಿನಿಂದ ಅಲ್ಲ ಹೊಟ್ಟೆಯಿಂದ ಬರಬೇಕು ಅಂತ ತೋರಿಸಿದೆ. ಅರ್ಧ ಗಂಟೆಯಲ್ಲಿ ಒಬ್ಬನ ಎಸೆತ ನಾಲ್ಕು ಹೆಜ್ಜೆ ಮುಂದೆ ಹೋಯಿತು. ಅವನ ಮುಖ ನನಗೆ ಈಗಲೂ ಕಣ್ಣ ಮುಂದಿದೆ. ಆ ಹುಡುಗ ಹುಟ್ಟಿದ್ದು ಗದಗ ಜಿಲ್ಲೆಯ ಹಳ್ಳಿಯಲ್ಲಿ, ತಂದೆ ಬಂದರಿನಲ್ಲಿ ಹಮಾಲಿ. ಜಾಣತನ ಅವನಲ್ಲಿ ಮೊದಲೇ ಇತ್ತು. ಹೇಳಿಕೊಡುವವರು ಪಕ್ಕದಲ್ಲಿ ಬೇಕಾಗಿತ್ತು, ಅಷ್ಟೇ.

ಕಥೆಯಲ್ಲೇ ಹೊತ್ತು ಹೋಯಿತು. ಉಳಿದ ದೇಶಗಳನ್ನು ಬೇಗ ಹೇಳುತ್ತೇನೆ.

ಉರುಗ್ವೆ. ಸುಮಾರು 35 ಲಕ್ಷ ಜನ. 1930ರಲ್ಲಿ ಮೊದಲ ವಿಶ್ವಕಪ್ ಅವರದು, 1950ರಲ್ಲಿ ಬ್ರೆಜಿಲ್ಲನ್ನು ಅದರ ಮನೆಯಂಗಳ ಮಾರಕಾನಾದಲ್ಲೇ ಎರಡಕ್ಕೆ ಒಂದರಿಂದ ಸೋಲಿಸಿ ಮತ್ತೊಮ್ಮೆ ಗೆದ್ದರು. ಅಲ್ಲಿ ಬೇಬಿ ಫುಟ್ಬಾಲ್ ಅಂತ ಇದೆ. ಆರೇಳು ವರ್ಷಕ್ಕೇ ಮಗು ತನ್ನ ಓಣಿಯ ಕ್ಲಬ್ಬಿಗೆ ಸೇರುತ್ತದೆ, ವಾರ ವಾರ ಪಂದ್ಯ. ಅವರ ದೊಡ್ಡ ಆಟಗಾರರಾದ ಸುವಾರೆಜ್, ಕವಾನಿ ಇಬ್ಬರೂ ಸಾಲ್ತೋ ಅನ್ನುವ ಒಂದೇ ಊರಿನಲ್ಲಿ ಹುಟ್ಟಿದವರು. 2010ರ ವಿಶ್ವಕಪ್‌ನಲ್ಲಿ ಆ ತಂಡವನ್ನು ಸೆಮಿಫೈನಲ್‌ಗೆ ಮುಟ್ಟಿಸಿದ ಕೋಚ್ ಆಸ್ಕರ್ ತಬಾರೆಜ್ ಒಂದು ಕಾಲದಲ್ಲಿ ಶಾಲೆಯ ಮೇಷ್ಟ್ರು. ಅವರನ್ನು ಇಡೀ ದೇಶ ‘ಮೇಷ್ಟ್ರೇ’ ಅಂತಲೇ ಕರೆಯುತ್ತದೆ. ನೋಡಿದಿರಾ, ಅಲ್ಲೂ ಕಲಿಸೋರೇ.

ಕ್ರೊಯೇಷಿಯಾ. 40 ಲಕ್ಷಕ್ಕೂ ಕಡಿಮೆ ಜನ, ಬೆಂಗಳೂರಿನ ಅರ್ಧವೂ ಇಲ್ಲ. ವಿಶ್ವಕಪ್‌ನಲ್ಲಿ 1998ರಲ್ಲಿ ಮೂರನೇ ಸ್ಥಾನ, 2018ರಲ್ಲಿ ಎರಡನೇ ಸ್ಥಾನ, 2022ರಲ್ಲಿ ಮತ್ತೆ ಮೂರನೇ ಸ್ಥಾನ. ಅವರ ಲೂಕಾ ಮೋಡ್ರಿಚ್ ಯುದ್ಧದ ಕಾಲದಲ್ಲಿ ಮನೆ ಬಿಟ್ಟು ಬಂದು, ನಿರಾಶ್ರಿತರಿಗೆ ಕೊಟ್ಟಿದ್ದ ಹೋಟೆಲಿನಲ್ಲಿ ಬೆಳೆದ ಹುಡುಗ. ಹೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲಿ ಚೆಂಡು ಆಡುತ್ತಿದ್ದ. ಊರಿನ ಕ್ಲಬ್ಬು ಅವನನ್ನು ಕರೆದು ಕಲಿಸಿತು.

ಇನ್ನು ಕೇಪ್ ವರ್ಡೆ. ಆಫ್ರಿಕಾದ ಪಕ್ಕದ ಹತ್ತು ದ್ವೀಪ, ಸುಮಾರು 5 ಲಕ್ಷ ಜನ. 1975ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ನಮ್ಮ ಗೋವಾ 1961ರವರೆಗೆ ಇದ್ದ ಹಾಗೆ. 2025ರ ಅಕ್ಟೋಬರ್ 13ರಂದು ಎಸ್ವಾಟಿನಿಯನ್ನು ಮೂರಕ್ಕೆ ಸೊನ್ನೆಯಿಂದ ಸೋಲಿಸಿ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಮರು ತಿಂಗಳು ಕುರಾಸಾವೊ. ಸುಮಾರು ಒಂದೂವರೆ ಲಕ್ಷ ಜನರ ದ್ವೀಪ, ಅದಕ್ಕಿಂತ ಚಿಕ್ಕದು ಯಾವುದೂ ವಿಶ್ವಕಪ್‌ಗೆ ಅರ್ಹತೆ ಪಡೆದಿಲ್ಲ. ಆ ತಂಡದ ಹೆಚ್ಚಿನ ಆಟಗಾರರು ಬೆಳೆದದ್ದು, ಕಲಿತದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಅಂದರೆ ಕಲಿಸೋರು ಎಲ್ಲಿದ್ದರೋ ಅಲ್ಲಿ.

ದೂರದ ದೇಶ ಬೇಡ ಅಂತೀರಾ? ನೀವು ನಿಂತಿರುವ ನೆಲವನ್ನೇ ನೋಡಿ. 2011ರ ಜನಗಣತಿಯಲ್ಲಿ ಗೋವಾಕ್ಕೆ 15 ಲಕ್ಷವೂ ಇಲ್ಲ. ಆದರೂ ರಾಜ್ಯ ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು 5 ಸಲ ಗೆದ್ದಿದೆ. ಬ್ರಹ್ಮಾನಂದ ಸಂಖ್ವಾಳ್ಕರ್, ಬ್ರೂನೋ ಕುಟಿನ್ಹೋ ಥರದವರು ಇಲ್ಲಿಂದ ಹೋಗಿ ಭಾರತಕ್ಕೆ ಆಡಿದರು. ಇಲ್ಲಿ ಆಟ ಶುರುವಾದದ್ದೂ ಕಲಿಸುವವರೊಬ್ಬರಿಂದ. 1883ರಲ್ಲಿ ಸಿಯೋಲಿಮ್‌ಗೆ ಫುಟ್ಬಾಲ್ ತಂದವರು ವಿಲಿಯಂ ರಾಬರ್ಟ್ ಲಯನ್ಸ್ ಅನ್ನುವ ಪಾದ್ರಿ. ಇವತ್ತಿಗೂ ಹಳ್ಳಿ ಹಳ್ಳಿಗೆ ಇಲ್ಲಿ ಮೈದಾನ ಇದೆ. ನಮ್ಮ ಕರ್ನಾಟಕವೂ 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ, 54 ವರ್ಷದ ಮೇಲೆ ಅದೇ ಟ್ರೋಫಿ ತಂದಿತು. ಆ ದಿನ ನಾನು ಮೈದಾನದ ಮಕ್ಕಳಿಗೆಲ್ಲ ಪೇಢೆ ಹಂಚಿದೆ.

ತಾಯಂದಿರೇ, ಒಂದು ಸಣ್ಣ ವಿಷಯ, ದಯವಿಟ್ಟು ನೆನಪಿಡಿ. ಮಗುವಿಗೆ ಚೆಂಡು ತರುವಾಗ ಸೈಜ್ ಕೇಳಿ ತನ್ನಿ. ಎಂಟು ವರ್ಷದ ಒಳಗಿದ್ದರೆ 3ನೇ ನಂಬರ್. 12ರವರೆಗೆ 4ನೇ ನಂಬರ್. 5ನೇ ನಂಬರ್ ದೊಡ್ಡವರದು. ‘ದೊಡ್ಡದು ತಂದರೆ ಬೆಳೆದ ಮೇಲೂ ಆಗುತ್ತೆ’ ಅಂತ ಚಪ್ಪಲಿ ತಂದ ಹಾಗೆ ಚೆಂಡು ತರಬೇಡಿ. ದೊಡ್ಡ ಚೆಂಡಿಗೆ ಮಗು ಬೆರಳ ತುದಿಯಿಂದ ಒದೆಯಲು ಕಲಿಯುತ್ತದೆ, ಆ ಅಭ್ಯಾಸ ಬಿಡಿಸಲು ನನಗೆ ಎರಡು ವರ್ಷ ಬೇಕು. ಹುಡುಗಿಯರನ್ನೂ ಕಳಿಸಿ. ಈಗ ನನ್ನ ಹತ್ತಿರ ಒಂಬತ್ತು ಹುಡುಗಿಯರಿದ್ದಾರೆ, ಎರಡೂ ಕಾಲಲ್ಲಿ ಆಡುತ್ತಾರೆ. ನಾನು ಚಿಕ್ಕವನಿದ್ದಾಗ ಎಡಗಾಲಲ್ಲೂ ಒದೆಯಬೇಕು ಅಂತ ನನಗೆ ಹೇಳುವವರೇ ಇರಲಿಲ್ಲ. ಆ ನೋವು ಇನ್ನೂ ಇದೆ.

ಕೊನೆಗೆ ನಮ್ಮ ಹುಡುಗರಿಗೆ ಒಂದು ಮಾತು. 18 ದಾಟಿದವರು, ಆಟ ಬಿಟ್ಟು ಕೆಲಸಕ್ಕೆ ಸೇರಿದವರು ವಾಸ್ಕೋದಲ್ಲೇ ನೂರಾರು ಜನ ಇದ್ದೀರಿ. ಕೋಚ್ ಆಗಲು ಭಾರತದ ಫುಟ್ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಕೋರ್ಸ್ ಮಾಡಿ. ದೊಡ್ಡ ಆಟಗಾರ ಆಗಿರಬೇಕಂತಿಲ್ಲ. ಅವತ್ತು ಖಾನಾವಳಿಯಲ್ಲಿ ರೊಟ್ಟಿ ಪುಡಿ ಮಾಡಿಕೊಂಡ ಹುಡುಗ ಈಗ ಜುವಾರಿನಗರದಲ್ಲಿ ದಿನಾ ಸಂಜೆ 20 ಮಕ್ಕಳಿಗೆ ಕಲಿಸುತ್ತಾನೆ. ಅವನ ಹತ್ತಿರ ಇನ್ನೂ 30 ಮಕ್ಕಳು ಜಾಗಕ್ಕಾಗಿ ಕಾಯುತ್ತಿದ್ದಾರೆ. ಅವನಿಗೆ ಜೊತೆಗೆ ಇಬ್ಬರು ಬೇಕು. ಅರ್ಜಿ ತುಂಬಲು ಬರದಿದ್ದರೆ ನನ್ನ ಹತ್ತಿರ ಬನ್ನಿ, ಪಕ್ಕದಲ್ಲಿ ಕೂತು ತುಂಬಿಸುತ್ತೇನೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ಇರುತ್ತೇನೆ, ಮಳೆ ಬಂದರೂ ಇರುತ್ತೇನೆ. ನಮಸ್ಕಾರ.