ಬೆರ್ಚಪ್ಪನ ಅಂಗಿ ಮತ್ತು ಗೊರಿಲ್ಲಾ

ಕೇಳುಗರೆಲ್ಲರಿಗೂ ನಮಸ್ಕಾರ. ನಾನೊಬ್ಬ ಪಶುವೈದ್ಯ. ಮೂವತ್ತು ವರ್ಷ ಹಸು, ಎಮ್ಮೆ, ಕುರಿ ನೋಡಿಕೊಂಡೇ ಇದ್ದವನು. ನಿವೃತ್ತಿಯಾದ ಮೇಲೆ ಉಗಾಂಡಾ ದೇಶಕ್ಕೆ ಹೋಗಿ ಬೆಟ್ಟದ ಗೊರಿಲ್ಲಾ ನೋಡಿಕೊಂಡು ಬಂದೆ. ಊರಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಡಾಕ್ಟ್ರೇ, ಎಷ್ಟಾಯ್ತು?" ಗೊರಿಲ್ಲಾ ಹೇಗಿತ್ತು ಅಂತ ಒಬ್ಬರೂ ಕೇಳಲಿಲ್ಲ.

ಸರಿ, ದುಡ್ಡಿನಿಂದಲೇ ಶುರು ಮಾಡೋಣ. ಉಗಾಂಡಾದಲ್ಲಿ ಒಬ್ಬರ ಪರ್ಮಿಟ್ಟಿಗೆ 800 ಡಾಲರ್. ನಮ್ಮ ಲೆಕ್ಕದಲ್ಲಿ 70 ಸಾವಿರದ ಆಸುಪಾಸು. ಪಕ್ಕದ ರುವಾಂಡಾದಲ್ಲಿ 2017ರಿಂದ 1500 ಡಾಲರ್. ಇಷ್ಟು ಕೊಟ್ಟರೆ ಗೊರಿಲ್ಲಾ ಎದುರು ಸಿಗುವುದು ಒಂದೇ ಒಂದು ಗಂಟೆ. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ. ಹದಿನೈದು ತುಂಬದ ಮಕ್ಕಳಿಗೆ ಪ್ರವೇಶ ಇಲ್ಲ. ಶೀತ, ಕೆಮ್ಮು ಇದ್ದವರಿಗೂ ಇಲ್ಲ. "ಇದು ಹಗಲು ದರೋಡೆ ಅಲ್ವಾ?" ಅನ್ನುತ್ತಾರೆ. ಅಲ್ಲ ಸ್ವಾಮಿ, ಸ್ವಲ್ಪ ಕೇಳಿ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಕಾಡಂಚಿನ ಮನೆಗೆ ದುಡ್ಡು ಮುಟ್ಟಿದರೆ ಕಾಡಿನ ಪ್ರಾಣಿ ಉಳಿಯುತ್ತದೆ. ಮುಟ್ಟದಿದ್ದರೆ ಉಳಿಯುವುದಿಲ್ಲ.

ಬೆಟ್ಟದ ಗೊರಿಲ್ಲಾ ಇಡೀ ಭೂಮಿಯಲ್ಲಿ ಇರುವುದು ಎರಡೇ ಕಡೆ. ಉಗಾಂಡಾ, ರುವಾಂಡಾ, ಕಾಂಗೋ ಮೂರೂ ದೇಶ ಸೇರುವ ವಿರುಂಗಾ ಬೆಟ್ಟಗಳು ಒಂದು, ಉಗಾಂಡಾದ ಬ್ವಿಂಡಿ ಕಾಡು ಇನ್ನೊಂದು. 1980ರ ದಶಕದ ಆರಂಭದಲ್ಲಿ ವಿರುಂಗಾದಲ್ಲಿ ಉಳಿದಿದ್ದವು ಬರೀ 250 ಚಿಲ್ಲರೆ. ಈಗ ಎರಡೂ ಕಡೆ ಸೇರಿ ಸಾವಿರ ದಾಟಿವೆ, ಲೆಕ್ಕ ಹಾಕಿದಾಗ ಸಿಕ್ಕಿದ್ದು 1,063. ಗೊರಿಲ್ಲಾ, ಚಿಂಪಾಂಜಿಯಂಥ ದೊಡ್ಡ ವಾನರಗಳ ಲೆಕ್ಕ ಕಾಡಿನಲ್ಲಿ ಹೀಗೆ ಮೇಲೆ ಹೋಗುವುದು ಬಹಳ ಅಪರೂಪ. ಬರೀ ಗೋಡೆ ಕಟ್ಟಿ, ಕೋವಿ ಹಿಡಿದು ಕಾದಿದ್ದರೆ ಇದು ಆಗುತ್ತಿರಲಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಕಥೆ ಹೇಳುತ್ತೇನೆ. ಹೊಲದಲ್ಲಿ ಬೆರ್ಚಪ್ಪನನ್ನು ನಿಲ್ಲಿಸುವವರು ಗಮನ ಕೊಟ್ಟು ಕೇಳಿ. 1996ನೇ ಇಸವಿ. ಬ್ವಿಂಡಿಯ ಒಂದು ಗೊರಿಲ್ಲಾ ಕುಟುಂಬದಲ್ಲಿ ಮೈಕೆರೆತ ಶುರುವಾಯಿತು. ಕೂದಲು ಉದುರುತ್ತಿತ್ತು, ಚರ್ಮ ಬಿಳಿಚಿಕೊಂಡು ಹಕ್ಕಳೆ ಕಟ್ಟಿತ್ತು. ನೋಡಲು ಹೋದವರು ಗ್ಲಾಡಿಸ್ ಕಲೆಮಾ ಜಿಕುಸೋಕಾ ಅನ್ನುವ ಪಶುವೈದ್ಯೆ. ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗಿ. ಗೊರಿಲ್ಲಾಗೆ ಇಂಥದ್ದು ಬಂದಿದ್ದನ್ನು ಯಾರೂ ಕಂಡಿರಲಿಲ್ಲ. ಆಕೆ ಏನು ಮಾಡಿದರು ಗೊತ್ತಾ? ಮನುಷ್ಯರನ್ನು ನೋಡುವ ವೈದ್ಯ ಮಿತ್ರರೊಬ್ಬರನ್ನು ವಿಚಾರಿಸಿದರು. ನಿಮ್ಮ ಹತ್ತಿರ ಬರುವವರಲ್ಲಿ ಜಾಸ್ತಿ ಕಾಣುವ ಚರ್ಮದ ಕಾಯಿಲೆ ಯಾವುದು ಅಂತ. ಬಂದ ಉತ್ತರ ಕಜ್ಜಿ. ಹೌದು, ನಮ್ಮ ನಿಮ್ಮ ಮಕ್ಕಳ ಬೆರಳ ಸಂದಿಯಲ್ಲಿ ಆಗುವ ಅದೇ ಕಜ್ಜಿ.

ಔಷಧಿ ಕೊಟ್ಟರು. ಐವರ್ಮೆಕ್ಟಿನ್. ಕುರಿ ಸಾಕುವವರು ಈ ಹೆಸರು ಕೇಳಿಯೇ ಇರುತ್ತೀರಿ, ಹುಳಕ್ಕೆ, ಉಣ್ಣಿಗೆ ನಾನೇ ಎಷ್ಟೋ ಸಲ ಬರೆದುಕೊಟ್ಟಿದ್ದೇನೆ. ಒಂದು ಮರಿ ಉಳಿಯಲಿಲ್ಲ, ಮಿಕ್ಕವು ಚೇತರಿಸಿಕೊಂಡವು. ಆದರೆ ಕಜ್ಜಿ ಬಂದಿದ್ದು ಎಲ್ಲಿಂದ? ಅಲ್ಲೇ ಇರುವುದು ಸ್ವಾರಸ್ಯ. ಕಾಡಂಚಿನ ರೈತರು ಬಾಳೆ ತೋಟ ಕಾಯಲು ಬೆರ್ಚಪ್ಪ ನಿಲ್ಲಿಸಿದ್ದರು. ಅದಕ್ಕೆ ಮನೆಯ ಹಳೇ ಅಂಗಿ ತೊಡಿಸಿದ್ದರು. ಬಾಳೆದಿಂಡಿನ ಆಸೆಗೆ ತೋಟಕ್ಕೆ ಇಳಿದ ಗೊರಿಲ್ಲಾಗಳು ಆ ಅಂಗಿಯನ್ನು ಮುಟ್ಟಿದವು. ಮನೆಯವರ ಕಜ್ಜಿ ಅಂಗಿಗೆ, ಅಂಗಿಯಿಂದ ಗೊರಿಲ್ಲಾಗೆ.

ನಾನು ಕಾಲೇಜಿನಲ್ಲಿ ಐದು ವರ್ಷ ಓದಿದ್ದಕ್ಕಿಂತ ಈ ಒಂದು ಅಂಗಿ ನನಗೆ ಹೆಚ್ಚು ಕಲಿಸಿದೆ. ಗೊರಿಲ್ಲಾ ಆರೋಗ್ಯವಾಗಿರಬೇಕಾದರೆ ಆ ಹಳ್ಳಿಯ ಮಕ್ಕಳಿಗೆ ಸೋಪು ಬೇಕು, ಔಷಧಿ ಬೇಕು, ನರ್ಸಮ್ಮ ಬೇಕು. ಗ್ಲಾಡಿಸ್ ಮುಂದೆ 2003ರಲ್ಲಿ ಸಂಸ್ಥೆಯನ್ನೇ ಕಟ್ಟಿ ಜನರ ಆರೋಗ್ಯ, ಗೊರಿಲ್ಲಾ ಆರೋಗ್ಯ ಎರಡನ್ನೂ ಒಟ್ಟಿಗೆ ನೋಡತೊಡಗಿದರು. ಆಮೇಲೆ ಕಾಡಂಚಿನ ರೈತರ ಕಾಫಿಯನ್ನು ಒಳ್ಳೆ ಬೆಲೆಗೆ ಕೊಂಡು ಮಾರುವ ಕೆಲಸವನ್ನೂ ಶುರು ಮಾಡಿದರು. ಕೊಡಗು, ಚಿಕ್ಕಮಗಳೂರು ಕಡೆಯವರು ಕೇಳುತ್ತಿದ್ದರೆ ಇದನ್ನು ಸ್ವಲ್ಪ ಯೋಚನೆ ಮಾಡಿ.

ಕಥೆ ಉದ್ದವಾಯಿತು, ಗಡಿಯಾರ ನೋಡಿದರೆ ಗಾಬರಿಯಾಗುತ್ತಿದೆ. ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ರುವಾಂಡಾದಲ್ಲಿ ಉದ್ಯಾನಗಳ ಪ್ರವಾಸದ ಆದಾಯದಲ್ಲಿ ನೂರಕ್ಕೆ ಹತ್ತು ಪಾಲು ಸುತ್ತಲಿನ ಹಳ್ಳಿಗಳಿಗೆ. 2017ರ ತನಕ ಅದು ಐದಿತ್ತು. ಉಗಾಂಡಾದಲ್ಲಿ ಗೇಟಿನ ಹಣದಲ್ಲಿ ಐದರಲ್ಲಿ ಒಂದು ಪಾಲು, ಅದರ ಮೇಲೆ ಪ್ರತಿ ಗೊರಿಲ್ಲಾ ಪರ್ಮಿಟ್ಟಿಗೆ ಹತ್ತು ಡಾಲರ್. ಆ ದುಡ್ಡಲ್ಲಿ ಶಾಲೆ, ನೀರು, ರಸ್ತೆ. ಇನ್ನು ಗೈಡು, ಚೀಲ ಹೊರುವವರು, ಹೋಟೆಲಿಗೆ ತರಕಾರಿ ಹಾಕುವವರು, ಬುಟ್ಟಿ ಹೆಣೆಯುವವರು, ಇವರ ಕೈಗೆ ನೇರವಾಗಿ ಸಿಗುವುದು ಬೇರೆ. ಹಿಂದೆ ಉರುಳು ಹಾಕುತ್ತಿದ್ದವರಲ್ಲಿ ಕೆಲವರು ಈಗ ಇದೇ ಕಾಡಲ್ಲಿ ದಾರಿ ತೋರಿಸುತ್ತಾರೆ. ಮತ್ತೆ ಹೇಳುತ್ತೇನೆ, ದುಡ್ಡು ಕಾಡಂಚಿನ ಮನೆಗೆ ಮುಟ್ಟಬೇಕು.

ಮುಟ್ಟದಿದ್ದರೆ ಏನಾಗುತ್ತದೆ? 2020ರಲ್ಲಿ ಕೊರೊನಾ ಬಂದು ಪ್ರವಾಸಿಗರು ನಿಂತರು. ಅದೇ ವರ್ಷ ಜೂನ್‌ನಲ್ಲಿ ಬ್ವಿಂಡಿಯಲ್ಲಿ ರಫೀಕಿ ಅನ್ನುವ ಬೆಳ್ಳಿಬೆನ್ನಿನ ಗಂಡು ಗೊರಿಲ್ಲಾ ಬೇಟೆಗಾರನ ಭರ್ಜಿಗೆ ಸತ್ತಿತು. ಆತ ಬಂದಿದ್ದು ಗೊರಿಲ್ಲಾ ಹೊಡೆಯಲು ಅಲ್ಲ, ಊಟಕ್ಕೆ ಚಿಕ್ಕಪುಟ್ಟ ಪ್ರಾಣಿ ಹುಡುಕಿಕೊಂಡು. ಹನ್ನೊಂದು ವರ್ಷ ಜೈಲಾಯಿತು. ಒಲೆ ಉರಿಯುವ ಮನೆಯವನು ಆ ಕಾಡಿಗೆ ಹೋಗುತ್ತಿದ್ದನೇ, ನೀವೇ ಹೇಳಿ.

ಇನ್ನೂ ಒಂದು ವಿಷಯ ನನ್ನನ್ನು ಕಾಡುತ್ತದೆ. 1991ರಲ್ಲಿ ಬ್ವಿಂಡಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಅಲ್ಲೇ ಇದ್ದ ಬತ್ವಾ ಜನರನ್ನು ಹೊರಗೆ ಕಳಿಸಿದರು. ಅವರಿಗೆ ಈ ದುಡ್ಡು ಸರಿಯಾಗಿ ಮುಟ್ಟಿಲ್ಲ. ನಾಗರಹೊಳೆಯ ಜೇನುಕುರುಬರ ಕಥೆ ಗೊತ್ತಿರುವವರಿಗೆ ನಾನು ಜಾಸ್ತಿ ವಿವರಿಸಬೇಕಿಲ್ಲ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಮುಗಿಸುತ್ತೇನೆ. ಹೋಗುವವರು ಯಾರಾದರೂ ಇದ್ದರೆ, ಚೀಲ ಹೊರಲು ಅಲ್ಲಿನವರೊಬ್ಬರನ್ನು ಮಾಡಿಕೊಳ್ಳಿ. ನಾನು ಗಟ್ಟಿಮುಟ್ಟಾಗಿದ್ದೇನೆ, ಬೇಡ ಅಂತ ಜಂಬ ಕೊಚ್ಚಿದ್ದೆ. ಗೈಡು ನನ್ನ ಮಾತು ಕೇಳದೆ ಒಬ್ಬ ಹೆಂಗಸನ್ನು ಜೊತೆ ಮಾಡಿದ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಆ ತಾಯಿ ನನ್ನ ಚೀಲ ಬೆನ್ನಿಗೆ ಹಾಕಿಕೊಂಡು, ನನ್ನನ್ನೂ ಕೈ ಹಿಡಿದು ಎಳೆಯುತ್ತಿದ್ದರು. ನಮಸ್ಕಾರ.