ಹಬ್ಬದ ಉಡುಗೊರೆಯ ಹೊದಿಕೆ: ಬಿಚ್ಚಿದ ಮೇಲೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ದೀಪಾವಳಿಗೆ ಯಾರಿಗೆ ಏನು ಕೊಡಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಅದನ್ನು ಯಾವುದರಲ್ಲಿ ಸುತ್ತಬೇಕು ಅನ್ನುವುದಷ್ಟೇ ಇವತ್ತಿನ ಮಾತು. ಹೊದಿಕೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಿಚ್ಚಿದ ಮೇಲೆ ಇದು ಆ ಮನೆಯಲ್ಲಿ ಏನಾಗುತ್ತದೆ? ಮತ್ತೆ ಬಳಕೆಗೆ ಬರಬೇಕು, ಇಲ್ಲವೇ ರದ್ದಿಗೆ ಹೋಗಬೇಕು, ಇಲ್ಲವೇ ಗೊಬ್ಬರದ ಗುಂಡಿಗೆ ಬೀಳಬೇಕು. ಈ ಮೂರೂ ಆಗದಿದ್ದರೆ ಅದು ಬೇಡ.

ಥಳಥಳ ಹೊಳೆಯುವ ಗಿಫ್ಟ್ ಪೇಪರ್ ಸೋಲುವುದು ಇಲ್ಲೇ. ಅದು ಬಹುಪಾಲು ಅಲ್ಯೂಮಿನಿಯಂನ ತೆಳು ಲೇಪ ಕೊಟ್ಟ ಪ್ಲಾಸ್ಟಿಕ್ ಹಾಳೆ, ಅಥವಾ ಅಂಥ ಹಾಳೆಯನ್ನು ಅಂಟಿಸಿದ ಕಾಗದ. ಪದರಗಳು ಬಿಡಿಸಿಕೊಳ್ಳುವುದಿಲ್ಲ, ಹಾಗಾಗಿ ರದ್ದಿಗೂ ಬೇಡ, ಗೊಬ್ಬರಕ್ಕೂ ಬೇಡ. ಅನುಮಾನ ಬಂದರೆ ಒಂದು ತುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುದುಡಿ ಕೈಬಿಡಿ. ಕಾಗದ ಮುದುಡಿಕೊಂಡೇ ಇರುತ್ತದೆ, ಪ್ಲಾಸ್ಟಿಕ್ ಹಾಳೆ ಮೆಲ್ಲಗೆ ಅರಳಿಕೊಳ್ಳುತ್ತದೆ. ಶಾಲೆಯ ನೋಟ್‌ಬುಕ್ಕಿಗೆ ಹಾಕುವ ಬ್ರೌನ್ ಶೀಟಿನಲ್ಲೂ ಈಗ ಪ್ಲಾಸ್ಟಿಕ್ ಪದರ ಇರುವ ಬಗೆ ಉಂಟು, ಕೊಳ್ಳುವ ಮೊದಲು ಹೀಗೆಯೇ ನೋಡಿ.

ಬಟ್ಟೆಯಂತೆ ಕಾಣುವ ನಾನ್-ವೋವನ್ ಚೀಲ ಇನ್ನೂ ದೊಡ್ಡ ಮೋಸ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅಂಚಿನ ಎಳೆಯೊಂದನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ. ಇನ್ನು ಸಿಹಿ ಡಬ್ಬಿಯ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ. ಅಂಗಡಿಯವರು ಸುತ್ತಲು ಬಂದರೆ ಬೇಡ ಅನ್ನಲು ನಿಮ್ಮ ಕೈಯಲ್ಲಿ ಕಾನೂನೇ ಇದೆ.

ನನ್ನ ಮೊದಲ ಆಯ್ಕೆ ರವಿಕೆ ಕಣ. ಅರಿಶಿನ-ಕುಂಕುಮಕ್ಕೆ ಹೋದಾಗ ಬಂದವು ಬೀರುವಿನಲ್ಲಿ ಅಡಕಿಟ್ಟೇ ಇರುತ್ತವೆ. ಒಂದು ಕಣ ಊರೆಲ್ಲ ಸುತ್ತಿ ಕೊಟ್ಟವರ ಮನೆಗೇ ವಾಪಸಾಗುತ್ತದೆ ಎಂದು ನಗುತ್ತೇವಲ್ಲ, ಹೊದಿಕೆಗೆ ಬೇಕಾದ ಗುಣವೇ ಅದು. ಜಪಾನಿನವರು ಚೌಕದ ಬಟ್ಟೆಯಲ್ಲಿ ಸಾಮಾನು ಕಟ್ಟುವ ಫುರೋಶಿಕಿಯನ್ನು ಹಿಂದಿನಿಂದ ಉಳಿಸಿಕೊಂಡಿದ್ದಾರೆ. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಅದಕ್ಕೆ ಮತ್ತೆ ಪ್ರಚಾರ ಕೊಟ್ಟರು. ಫುರೋಶಿಕಿಯ ಅಳತೆಯ ಲೆಕ್ಕಾಚಾರ ನಮ್ಮ ಕಣಕ್ಕೂ ಸರಿಹೊಂದುತ್ತದೆ.

ವಸ್ತುವಿನ ಉದ್ದ ಬಟ್ಟೆಯ ಕರ್ಣದ ಮೂರನೇ ಒಂದು ಭಾಗವನ್ನು ಮೀರಬಾರದು. 80 ಸೆಂ.ಮೀ. ಚೌಕದ ಕರ್ಣ ಸುಮಾರು 113, ಆದ್ದರಿಂದ 35 ಸೆಂ.ಮೀ.ವರೆಗಿನ ಡಬ್ಬಿಯನ್ನು ಧೈರ್ಯವಾಗಿ ಕಟ್ಟಬಹುದು. ಡಬ್ಬಿ ಎತ್ತರವಿದ್ದರೆ ಇನ್ನಷ್ಟು ಚಿಕ್ಕದಿರಲಿ. ಕಣ ಚೌಕವಿಲ್ಲದಿದ್ದರೆ ಹೆಚ್ಚಿನ ಅಂಚನ್ನು ಒಳಕ್ಕೆ ಮಡಚಿ. ಕತ್ತರಿಸಬೇಡಿ, ಕತ್ತರಿಸಿದರೆ ಅದು ಮುಂದೆ ರವಿಕೆಗೆ ಬಾರದು. ಬಟ್ಟೆಯ ಒಳಮೈ ಮೇಲೆ ಬರುವಂತೆ ಹಾಸಿ, ಡಬ್ಬಿಯ ಉದ್ದ ಒಂದು ಕರ್ಣದ ನೇರಕ್ಕೆ ಇರುವಂತೆ ನಡುವೆ ಇಡಿ. ಹತ್ತಿರದ ಮೂಲೆಯನ್ನು ಡಬ್ಬಿಯ ಮೇಲೆ ತಂದು ಕೆಳಗೆ ಸಿಕ್ಕಿಸಿ, ಎದುರಿನ ಮೂಲೆಯನ್ನು ಅದರ ಮೇಲೆ ಹೊದಿಸಿ. ಉಳಿದ ಎರಡು ಮೂಲೆಗಳನ್ನು ನಡುವೆ ಗಂಟು ಹಾಕಿ.

ಹೆಚ್ಚಿನವರು ಎಡವುವುದು ಈ ಗಂಟಿನಲ್ಲಿ. ಮೊದಲ ಸುತ್ತಿನಲ್ಲಿ ಬಲದ ತುದಿ ಎಡದ ಮೇಲೆ ಹೋದರೆ, ಎರಡನೆಯ ಸುತ್ತಿನಲ್ಲಿ ಎಡಗೈಯಲ್ಲಿರುವ ತುದಿ ಬಲದ ಮೇಲೆ ಹೋಗಬೇಕು. ಎರಡೂ ಸಲ ಒಂದೇ ದಿಕ್ಕಿಗೆ ಹಾಕಿದರೆ ಗಂಟು ಓರೆಯಾಗಿ ತಿರುಗಿ ನಿಂತು, ಹೊತ್ತೊಯ್ಯುವಾಗ ಜಾರುತ್ತದೆ. ಸರಿಯಾಗಿ ಬಿದ್ದ ಗಂಟು ಚಪ್ಪಟೆಯಾಗಿ ಕೂರುತ್ತದೆ, ಬಿಚ್ಚುವುದೂ ಸುಲಭ. ಒಂದು ತುದಿಯನ್ನು ಹಿಡಿದು ಅದೇ ಬದಿಯ ಬಟ್ಟೆಯಿಂದ ದೂರಕ್ಕೆ, ಗಂಟಿನ ಇನ್ನೊಂದು ಬದಿಗೆ ಜಗ್ಗಿದರೆ ಆ ಎಳೆ ನೇರವಾಗುತ್ತದೆ, ಇನ್ನೊಂದು ಅದರ ಮೇಲಿಂದ ಕಳಚಿಕೊಳ್ಳುತ್ತದೆ. ಪಾಲಿಯೆಸ್ಟರ್ ಬಟ್ಟೆ ನುಣುಪು, ಅದರಲ್ಲಿ ಒಳ್ಳೆಯ ಗಂಟೂ ಸಡಿಲಾಗುತ್ತದೆ. ಗಾಢ ಬಣ್ಣದ ಹೊಸ ಹತ್ತಿ ಬಟ್ಟೆಯನ್ನು ಒಮ್ಮೆ ಒಗೆದು ಇಸ್ತ್ರಿ ಮಾಡಿ, ಇಲ್ಲದಿದ್ದರೆ ತೇವ ತಗುಲಿದರೆ ಬಣ್ಣ ಬಿಡುತ್ತದೆ.

ಉಪ್ಪಿನಕಾಯಿ, ಜೇನಿನ ಬಾಟಲಿಗೆ ಕ್ರಮ ಬೇರೆ. ನಡುವೆ ನಿಲ್ಲಿಸಿ ಎದುರುಬದುರಿನ ಎರಡು ಮೂಲೆಗಳನ್ನು ಮುಚ್ಚಳದ ಮೇಲೆ ಗಂಟು ಹಾಕಿ. ಉಳಿದೆರಡನ್ನು ಕತ್ತಿನ ಹಿಂದೆ ಅಡ್ಡಹಾಯಿಸಿ ಮುಂದಕ್ಕೆ ತಂದು ಕಟ್ಟಿ.

ಬಟ್ಟೆ ಬೇಡವೆಂದರೆ ದಿನಪತ್ರಿಕೆ. ಡಬ್ಬಿ 22 ಸೆಂ.ಮೀ. ಉದ್ದ, 15 ಅಗಲ, 6 ಎತ್ತರ ಎಂದುಕೊಳ್ಳಿ. ಸುತ್ತಳತೆ 42, ಒಂದರ ಮೇಲೊಂದು ಕೂರಲು 3 ಸೇರಿಸಿದರೆ 45. ಇನ್ನೊಂದು ಬದಿಗೆ ಉದ್ದದ 22ಕ್ಕೆ ಎತ್ತರದ ಒಂದೂವರೆ ಪಟ್ಟು, ಅಂದರೆ 9 ಸೇರಿಸಿ 31. ದೊಡ್ಡ ಪತ್ರಿಕೆಯ ಒಂದೇ ಪುಟ ಸಾಕು. ಕೊನೆಯಲ್ಲಿ ಕಾಗದ ದಪ್ಪಗೆ ಮುದ್ದೆಯಾದರೆ ಬದಿ ಬಿಟ್ಟದ್ದು ಹೆಚ್ಚಾಯಿತು ಎಂದರ್ಥ. ಅಂಟುವುದಕ್ಕೆ 2 ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಮಂದವಾಗುವವರೆಗೆ ಕೈಯಾಡಿಸಿ. ಆರಿದ ಮೇಲೆ ತೆಳ್ಳಗೆ ಸವರಿ, ದಪ್ಪಗೆ ಹಚ್ಚಿದರೆ ಕಾಗದ ನೆನೆದು ಸುಕ್ಕಾಗುತ್ತದೆ. ಮೇಲೆ ಹತ್ತಿ ನೂಲು ಅಥವಾ ಸೆಣಬಿನ ದಾರ. ಸಿಹಿಯನ್ನು ಮಾತ್ರ ನೇರವಾಗಿ ಪತ್ರಿಕೆಗೆ ಸುತ್ತಬಾರದು. ಮುದ್ರಣದ ಶಾಯಿ ತಿಂಡಿಗೆ ಹತ್ತುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರವೂ ಇದರ ವಿರುದ್ಧ ಎಚ್ಚರಿಸಿದೆ. ತುಪ್ಪ ಬಿಡುವ ಮೈಸೂರು ಪಾಕ್ ಸ್ಟೀಲ್ ಡಬ್ಬಿಯಲ್ಲಿರಲಿ, ಡಬ್ಬಿಯೂ ಉಡುಗೊರೆಯೇ.

ಕರಾವಳಿ, ಮಲೆನಾಡಿನವರಿಗೆ ಅಡಿಕೆ ಹಾಳೆ ಇದೆ. ಒಣಗಿದ ಹಾಳೆಯನ್ನು ಹಾಗೆಯೇ ಮಡಚಿದರೆ ಎಳೆಯುದ್ದಕ್ಕೂ ಸೀಳುತ್ತದೆ. ಬಾಗುವಷ್ಟು ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ, ಬೇಕಾದ ಆಕಾರಕ್ಕೆ ಮಡಚಿ, ಮೇಲೆ ಭಾರ ಹೇರಿ ಪೂರ್ತಿ ಒಣಗಿಸಿ. ಹಸಿಯಿರುವಾಗಲೇ ಒಳಗೆ ವಸ್ತು ಇಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆ ಪೂರ್ತಿ ಬಿಟ್ಟಿರದ ವರ್ಷ ಈ ಕೆಲಸವನ್ನು ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಕಟ್ಟಲು ಹೂವಾಡಗಿತ್ತಿಯರು ಬಳಸುವ ಬಾಳೆ ನಾರು ಸಾಕು, ಅದನ್ನೂ ನೆನೆಸಿಯೇ ಕಟ್ಟಬೇಕು.

ಗೌರಿ ಹಬ್ಬದ ಮೊರದ ಬಾಗಿನವನ್ನೂ ನೋಡಿ. ಸಾಮಾನು ತುಂಬಿದ ಮೊರಕ್ಕೆ ಇನ್ನೊಂದು ಮೊರವೇ ಮುಚ್ಚಳ, ಕೊಟ್ಟ ಮೇಲೆ ಎರಡೂ ಅಡುಗೆಮನೆಗೆ. ಈಗ ಅದಕ್ಕೂ ಗಾಜಿನಂಥ ಪ್ಲಾಸ್ಟಿಕ್ ಸುತ್ತಿ ರಿಬ್ಬನ್ ಕಟ್ಟಿ ಮಾರುತ್ತಾರೆ. ಬಿಡಿ ಮೊರ ಕೊಂಡು ಮನೆಯಲ್ಲೇ ಜೋಡಿಸಿದರೆ ಆ ಕಸ ತಾನಾಗಿ ತಪ್ಪುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ "ಪ್ಯಾಕ್ ಬೇಡ" ಎಂಬುದನ್ನು ಬಿಲ್ ಹಾಕಿಸುವ ಮೊದಲೇ ಹೇಳಿ, ಸುತ್ತಿಯಾದ ಮೇಲೆ ಹೇಳಿದರೆ ಆ ಕಾಗದ ಅಲ್ಲೇ ಬುಟ್ಟಿಗೆ ಹೋಗುತ್ತದೆ. ಆನ್‌ಲೈನಿನಲ್ಲಿ ತರಿಸುವವರು ಗಿಫ್ಟ್ ರ‍್ಯಾಪ್ ಗುರುತು ಹಾಕದೆ ಬಿಡಿ. ಬಂದ ರಟ್ಟಿನ ಡಬ್ಬಿಯ ಟೇಪನ್ನೂ ವಿಳಾಸದ ಚೀಟಿಯನ್ನೂ ಕಿತ್ತು, ಅದರ ಮೇಲೆಯೇ ಕಣ ಕಟ್ಟಬಹುದು.