ಗಂಧಕದ ಬ್ಯಾಟರಿ: ತಕ್ಕಡಿಗೆ ಪೂರ್ತಿ ತೂಕ ಬರಲಿ

ಲಿಥಿಯಂ-ಗಂಧಕ ಬ್ಯಾಟರಿಯ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಒಂದೇ ಅಂಕಿ: ಒಂದು ಗ್ರಾಂ ಗಂಧಕ ಸೈದ್ಧಾಂತಿಕವಾಗಿ ಸುಮಾರು 1,675 ಮಿಲಿಆಂಪಿಯರ್-ಅವರ್ ವಿದ್ಯುದಾವೇಶವನ್ನು ಹಿಡಿದಿಡಬಲ್ಲದು. ಅಂಕಿ ನಿಜವೇ. ಇಂದಿನ ಲಿಥಿಯಂ-ಅಯಾನ್ ಬ್ಯಾಟರಿಗಳ ನಿಕಲ್-ಕೋಬಾಲ್ಟ್ ಕ್ಯಾಥೋಡ್ (ಧನ ವಿದ್ಯುದ್ವಾರ) 200ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಂಧಕವಾದರೋ ಪೆಟ್ರೋಲಿಯಂ ಶುದ್ಧೀಕರಣದ ಉಪೋತ್ಪನ್ನವಾಗಿ ಹೇರಳವಾಗಿ ಸಿಗುವ ವಸ್ತು. ಆದರೆ ಗಂಧಕವನ್ನಷ್ಟೇ ತೂಗಿ ಬ್ಯಾಟರಿಯ ಯೋಗ್ಯತೆಯನ್ನು ನಿರ್ಧರಿಸುವ ರೂಢಿಗೆ ನನ್ನ ಸ್ಪಷ್ಟ ಆಕ್ಷೇಪವಿದೆ.

ಎಂಟು ಪರಮಾಣುಗಳ ಉಂಗುರದಂತಿರುವ ಗಂಧಕದ ಅಣು, ಬ್ಯಾಟರಿ ಬರಿದಾಗುತ್ತ ಹೋದಂತೆ ಲಿಥಿಯಂ ಜೊತೆ ಸೇರಿ ಮೊದಲು ಉದ್ದ ಸರಪಳಿಯ ಪಾಲಿಸಲ್ಫೈಡ್‌ಗಳಾಗಿ, ಕೊನೆಗೆ ಲಿಥಿಯಂ ಸಲ್ಫೈಡ್ ಆಗುತ್ತದೆ. ಉದ್ದ ಸರಪಳಿಯವು ಅಯಾನುಗಳನ್ನು ಸಾಗಿಸುವ ಎಲೆಕ್ಟ್ರೋಲೈಟ್ ದ್ರವದಲ್ಲಿ ಕರಗಿ, ಎದುರಿನ ಋಣ ವಿದ್ಯುದ್ವಾರವಾದ ಲಿಥಿಯಂ ಲೋಹವನ್ನು ಮುಟ್ಟಿ, ಅಲ್ಲಿ ಸರಪಳಿ ಗಿಡ್ಡವಾಗಿ ಹಿಂದಿರುಗುತ್ತವೆ. ಮಗ್ಗದ ಲಾಳಿಯಂತಹ ಈ ಓಡಾಟದಲ್ಲಿ ಆವೇಶವೂ ವ್ಯರ್ಥ, ಲಿಥಿಯಂ ಕೂಡ ನಷ್ಟ. ಸಾಲದೆಂಬಂತೆ ಗಂಧಕವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಸಲ್ಫೈಡ್ ಆಗುವಾಗ ಶೇ. 80ರಷ್ಟು ಹಿಗ್ಗುತ್ತದೆ.

2009ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಂಡಾ ನಾಜರ್ ಅವರ ತಂಡ ವಿದ್ಯುತ್ತನ್ನು ಹರಿಯಗೊಡುವ ಇಂಗಾಲದ ಅತಿಸೂಕ್ಷ್ಮ ರಂಧ್ರಗಳಲ್ಲಿ ಗಂಧಕವನ್ನು ತುಂಬಿಸಿ ತೋರಿಸಿದ್ದು ಈ ಕ್ಷೇತ್ರಕ್ಕೆ ಹೊಸ ಜೀವ ಕೊಟ್ಟಿತು. ಆ ಬಳಿಕ ಹೊಸ ಹೊಸ ಇಂಗಾಲಗಳ ಮೇಲೆ ಪ್ರಬಂಧಗಳು ಬಂದವು; ಅವುಗಳಲ್ಲಿ ಅನೇಕವು ನಾಣ್ಯದಷ್ಟು ಚಿಕ್ಕ ಕೋಶದಲ್ಲಿ, ತೆಳುವಾಗಿ ಬಳಿದ ಗಂಧಕಕ್ಕೆ ಅದರ ಹಲವು ಪಟ್ಟು ತೂಕದ ದ್ರವವನ್ನೂ ಅಗತ್ಯಕ್ಕಿಂತ ಎಷ್ಟೋ ದಪ್ಪನೆಯ ಲಿಥಿಯಂ ಹಾಳೆಯನ್ನೂ ಜೋಡಿಸಿ ಪಡೆದ ಫಲಿತಾಂಶಗಳು. ಆ ದ್ರವವನ್ನೂ ಹಾಳೆಯನ್ನೂ ತಕ್ಕಡಿಗೆ ಹಾಕಿದರೆ ಗಂಧಕದ ಹಗುರತನದ ಲಾಭ ಬಹುಪಾಲು ಕರಗಿಹೋಗುತ್ತದೆ. ದ್ರವವನ್ನು ಕಡಿಮೆ ಮಾಡೋಣವೆಂದರೆ ಲಿಥಿಯಂ ಅದನ್ನು ಕ್ರಮೇಣ ಕಬಳಿಸಿ ಕೋಶವೇ ಒಣಗುತ್ತದೆ. ಲಿಥಿಯಂ ಮೇಲೆ ರಕ್ಷಣಾ ಪದರ ಕಟ್ಟಲೆಂದು ದ್ರವಕ್ಕೆ ಬೆರೆಸುವ ಲಿಥಿಯಂ ನೈಟ್ರೇಟ್ ಸಹ ಚಾರ್ಜ್‌ನಿಂದ ಚಾರ್ಜ್‌ಗೆ ಖರ್ಚಾಗುತ್ತದೆ. ನಿಜವಾದ ಸಂಶೋಧನೆ ನಡೆಯಬೇಕಾದದ್ದು ಇಲ್ಲಿ.

ಆದ್ದರಿಂದ ಚದರ ಸೆಂಟಿಮೀಟರ್‌ಗೆ ಎಷ್ಟು ಗಂಧಕ, ಮಿಲಿಗ್ರಾಂ ಗಂಧಕಕ್ಕೆ ಎಷ್ಟು ದ್ರವ, ಲಿಥಿಯಂ ಎಷ್ಟು ಹೆಚ್ಚುವರಿ ಎಂಬ ಮೂರನ್ನೂ ಹೇಳದ ಪ್ರಬಂಧವನ್ನು ಸಂಶೋಧನಾ ಪತ್ರಿಕೆಗಳು ಸ್ವೀಕರಿಸಬಾರದು.

ನಾನು ನಿರಾಶಾವಾದಿಯಲ್ಲ. 2010ರಲ್ಲಿ ಜೆಫಿರ್ ಎಂಬ ಮಾನವರಹಿತ ಸೌರ ವಿಮಾನ ರಾತ್ರಿಗಳನ್ನು ಲಿಥಿಯಂ-ಗಂಧಕ ಬ್ಯಾಟರಿಗಳ ಬಲದಿಂದ ದಾಟಿ 14 ದಿನ ಹಾರಿತು. ತೂಕವೇ ಎಲ್ಲಕ್ಕಿಂತ ಮುಖ್ಯವಾದಲ್ಲಿ ಅಲ್ಪಾಯುಷ್ಯವನ್ನೂ ಸಹಿಸಿಕೊಳ್ಳಬಹುದು. ಗಂಧಕವನ್ನು ಪಾಲಿಅಕ್ರಿಲೋನೈಟ್ರೈಲ್ ಪಾಲಿಮರ್‌ಗೆ ರಾಸಾಯನಿಕವಾಗಿ ಬಂಧಿಸುವ ಮಾರ್ಗದ ಮೇಲೆ ನನಗೆ ಹೆಚ್ಚು ಭರವಸೆ. ಅದರಲ್ಲಿ ಗಂಧಕದ ಪಾಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಾದ್ದರಿಂದ ಹೊಳೆಯುವ ಅಂಕಿ ಸಿಗದು. ಆದರೆ ತಕ್ಕ ದ್ರವದಲ್ಲಿ ಪಾಲಿಸಲ್ಫೈಡ್ ಕರಗುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ.